ಹೀಟರ್ ಹೋಸ್ ಕನೆಕ್ಟರ್ ಮುರಿದು ಥ್ರೆಡ್ ಒಳಗೇ ಉಳಿದಿದೆ, ಮ್ಯಾನಿಫೋಲ್ಡ್ ಬಿಚ್ಚದೆ ತೆಗೆಯೋದು ಹೇಗೆ?

ಹಳೇಗಾಡಿ
ಹೀಟರ್ ಹೋಸ್ ಬದಲಾಯಿಸುವಾಗ ಇಂಜಿನ್ ಕಡೆಯ ಕ್ವಿಕ್ ಕನೆಕ್ಟರ್‌ನ (ಹೋಸ್ ಒತ್ತಿದರೆ ತಾನೇ ಲಾಕ್ ಆಗೋ ಜೋಡಣೆ) ಲಾಕ್ ಬಿಡಲೇ ಇಲ್ಲ. ಅತ್ತಿತ್ತ ಅಲ್ಲಾಡಿಸಿದ್ದಕ್ಕೆ ಕುತ್ತಿಗೆ ಹತ್ತಿರ ಪಟಕ್ಕನೆ ಮುರೀತು. ಮೇಲಿನ ಅರ್ಧ ಹೋಸ್ ಜೊತೆ ಕೈಗೆ ಬಂತು. ಥ್ರೆಡ್ ಇರೋ ಅರ್ಧ ಅಲ್ಯೂಮಿನಿಯಂ ಇನ್‌ಟೇಕ್ ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಹಂಚೋ ಭಾಗ) ಒಳಗೆ, ಮೇಲ್ಮೈಗೆ ಸಮವಾಗಿ ಕೂತಿದೆ. ಪಾನಾ ಹಾಕೋಕೆ ಹಿಡಿತವೇ ಇಲ್ಲ. ಒಳಗಿನ ತೂತು ಸುಮಾರು 13 ಮಿ.ಮೀ., ಥ್ರೆಡ್ ಸೇರಿ ಗೋಡೆ ಹೆಚ್ಚೆಂದರೆ 4 ಮಿ.ಮೀ. ದಪ್ಪ. ಮ್ಯಾನಿಫೋಲ್ಡ್ ಬಿಚ್ಚೋದು ದೊಡ್ಡ ಕೆಲಸ, ಅದನ್ನ ತಪ್ಪಿಸೋ ದಾರಿ ಇದೆಯಾ? ಮುರಿದ ಬೋಲ್ಟ್ ತೆಗೆಯೋ ಸುರುಳಿ ಎಕ್ಸ್‌ಟ್ರ್ಯಾಕ್ಟರ್ ಸೆಟ್ ಇದೆ, ಹೊಡೆದು ತಿರುಗಿಸಲಾ?

ಟಾರ್ಕು
ತಿರುಗಿಸಿ. ಅದಕ್ಕೇ ಇರೋದು ಎಕ್ಸ್‌ಟ್ರ್ಯಾಕ್ಟರ್. ಸುತ್ತಿಗೆಯಲ್ಲಿ ಎರಡು ಏಟು, ಎಡಕ್ಕೆ ತಿರುಗಿಸಿದ್ರೆ ಬರುತ್ತೆ.

ಲೇತ್ ಮೇಷ್ಟ್ರು
ದಯವಿಟ್ಟು ಹೊಡೀಬೇಡಿ. ಸುರುಳಿ ಎಕ್ಸ್‌ಟ್ರ್ಯಾಕ್ಟರ್ ಮೊನಚಾಗುತ್ತಾ ಹೋಗುವ ಬೆಣೆ. ಮುರಿದ ಗಟ್ಟಿ ಬೋಲ್ಟ್‌ಗೆ ಅದು ಸರಿ, ಯಾಕಂದ್ರೆ ಬೋಲ್ಟ್‌ಗೆ ಸುತ್ತ ಸಾಕಷ್ಟು ಲೋಹ ಇರುತ್ತೆ. ಇಲ್ಲಿರೋದು ಟೊಳ್ಳು ಕೊಳವೆ, ತೆಳು ಗೋಡೆ. ಬೆಣೆ ಒಳಗೆ ಹೋದಷ್ಟೂ ಗೋಡೆ ಹೊರಕ್ಕೆ ಹಿಗ್ಗಿ ಅಲ್ಯೂಮಿನಿಯಂ ಥ್ರೆಡ್‌ಗೆ ಇನ್ನೂ ಒತ್ತಿಕೊಳ್ಳುತ್ತೆ. ನೀವು ಬಿಚ್ಚೋಕೆ ಹಾಕಿದ ಬಲವೇ ಬಿಗಿ ಮಾಡುತ್ತೆ. ಜೋರು ಮಾಡಿದರೆ ಮ್ಯಾನಿಫೋಲ್ಡ್‌ನ ಬಾಯಿ ಸೀಳಬಹುದು. ಎಕ್ಸ್‌ಟ್ರ್ಯಾಕ್ಟರ್ ಒಳಗೇ ಮುರಿದರಂತೂ ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ. ಅದು ಹದ ಕೊಟ್ಟ ಉಕ್ಕು, ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತೆ.

ಟೊಳ್ಳು ಕನೆಕ್ಟರ್ ಹೊರಗೆ ಬರಬೇಕಾದರೆ ಅದು ಒಳಕ್ಕೆ ಕುಗ್ಗಬೇಕು. ಈ ಒಂದನ್ನ ತಲೆಯಲ್ಲಿ ಇಟ್ಟುಕೊಂಡೇ ಟೂಲ್ ಆರಿಸಿ.

ಎಣ್ಣೆಕೈ
ಮೊದಲು ಅದು ಯಾವ ಲೋಹ ಅಂತ ಹೇಳ್ರಿ. ಅದು ಗೊತ್ತಾಗದ ಹೊರತು ಉಳಿದದ್ದೆಲ್ಲ ಬರೇ ಮಾತು. ಕೈಯಾಗಿರೋ ತುಂಡಿಗೆ ಅಯಸ್ಕಾಂತ ಹಚ್ಚಿ ನೋಡ್ರಿ. ಹಿಡಿದ್ರ ಉಕ್ಕು. ಹಿಡೀಲಿಲ್ಲ ಅಂದ್ರ ಅರದಿಂದ ಒಂದ್ಸಲ ತಿಕ್ಕ್ರಿ. ಹಳದಿ ಕಂಡ್ರ ಹಿತ್ತಾಳಿ. ಬೂದು ಬಣ್ಣ, ಮುರಿದ ಮುಖ ಹರಳು ಹರಳು ಇದ್ರ ಸತುವಿನ ಎರಕ. ಕಪ್ಪು ಇದ್ದು ಉಗುರಿಗೆ ಪುಡಿ ಉದುರಿದ್ರ ನೈಲಾನ್ ಪ್ಲಾಸ್ಟಿಕ್. ನಾಲ್ಕಕ್ಕೂ ದಾರಿ ಬ್ಯಾರೆ ಬ್ಯಾರೆ.

ಹಳೇಗಾಡಿ
ಅಯಸ್ಕಾಂತ ಹಿಡೀಲಿಲ್ಲ. ಅರ ಹಾಕಿದರೆ ಬೂದು, ಮುರಿದ ಮುಖ ಹರಳು ಹರಳಾಗಿದೆ. ಥ್ರೆಡ್ ಕಡೆ ಬಿಳೀ ಪುಡಿ ಕೂತಿದೆ.

ಎಣ್ಣೆಕೈ
ಹಂಗಾದ್ರ ಸತು. ಬಿಳೀ ಪುಡಿ ಅದರ ಕಿಲುಬು. ಕೂಲೆಂಟ್ ಹಳೇದಾಗಿ ಕಿಲುಬು ತಡಿಯೋ ರಾಸಾಯನಿಕ ಮುಗಿದ ಮ್ಯಾಲೆ ಸತು ಮೊದಲು ಕರಗ್ತದ. ಹೊರಗಿಂದ ನೋಡಿದ್ರ ಗಟ್ಟಿ, ಒಳಗ ಗೋಡೆ ಸವೆದು ಕಾಗದದಂಗ ಆಗಿರ್ತದ. ಅದಕ್ಕ ಅಲ್ಲಾಡಿಸಿದ ಕೂಡ್ಲೇ ಮುರೀತು.

ನೀರ್‌ಗೊಳವೆ
ಹೀಟ್ ಗನ್ ಹಿಡಿದು ಮ್ಯಾನಿಫೋಲ್ಡ್ ಬಿಸಿ ಮಾಡಿ ಮಾರಾಯ್ರೆ. ಅಲ್ಯೂಮಿನಿಯಂ ಹಿಗ್ಗಿ ಬಿಟ್ಟುಕೊಡ್ತದೆ.

ಲೇತ್ ಮೇಷ್ಟ್ರು
ಉಕ್ಕಿನ ಕನೆಕ್ಟರ್ ಆಗಿದ್ದರೆ ನಿಮ್ಮ ಮಾತು ಪೂರ್ತಿ ಸರಿ. ಒಂದು ಡಿಗ್ರಿ ಬಿಸಿಗೆ ಅಲ್ಯೂಮಿನಿಯಂ ಮೀಟರ್‌ಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತೆ, ಉಕ್ಕು 12. ಹಾಗಾಗಿ ಸಂದು ಸಡಿಲವಾಗುತ್ತೆ. ಹಿತ್ತಾಳೆ 19, ಲಾಭ ಕಡಿಮೆ. ಸತುವಿನ ಎರಕ 27ರ ಆಸುಪಾಸು, ಅಂದರೆ ಅಲ್ಯೂಮಿನಿಯಂಗಿಂತ ಜಾಸ್ತಿ. ಎರಡೂ ಬಿಸಿಯಾದರೆ ಕನೆಕ್ಟರ್ರೇ ಹೆಚ್ಚು ಉಬ್ಬುತ್ತೆ. ಬಿಸಿ ಇರುವಾಗ ತಿರುಗಿಸಿದರೆ ಇನ್ನೂ ಕಷ್ಟ.

ನೀರ್‌ಗೊಳವೆ
ಒಪ್ಪಿದೆ. ಆದ್ರೆ ಬಿಸಿ ಮಾಡಿ ತಣಿಸಿದ್ರೆ ಆ ಕಿಲುಬಿನ ಹಿಡಿತ ಒಡೆಯೂದಿಲ್ವಾ? ಹಳೇ ಸೀಲೆಂಟ್ ಸಹ ಮೆತ್ತಗಾಗ್ತದೆ. ಬಿಸಿ ಪೂರಾ ದಂಡ ಅಂತ ಹೇಳ್ಲಿಕ್ಕೆ ಆಗೂದಿಲ್ಲ.

ಲೇತ್ ಮೇಷ್ಟ್ರು
ಒಡೆಯುತ್ತೆ, ಅದು ನಿಜ. ಹಾಗಾದರೆ ಕ್ರಮ ಹೀಗಿರಲಿ: 100-120 ಡಿಗ್ರಿಗೆ ಬಿಸಿ ಮಾಡಿ (ನೀರಿನ ಹನಿ ಬಿದ್ದ ಕೂಡಲೇ ಚುರ್ ಅಂತ ಆವಿಯಾದರೆ ಸಾಕು), ಪೂರ್ತಿ ಆರಲು ಬಿಡಿ, ಕೈಗೆ ತಣ್ಣಗೆ ತಾಗಿದ ಮೇಲೆ ತುಕ್ಕು ಸಡಿಲಿಸೋ ಎಣ್ಣೆ ಬಿಡಿ. ಎರಡು ಮೂರು ಸಲ ಹೀಗೆ ಮಾಡಿ. ತಿರುಗಿಸೋದು ತಣ್ಣಗಿದ್ದಾಗ. ಎಣ್ಣೆ ಬಿಟ್ಟ ಮೇಲೆ ಮತ್ತೆ ಹೀಟ್ ಗನ್ ಹಿಡಿಯೋ ಮುಂಚೆ ಚೆನ್ನಾಗಿ ಒರೆಸಿ, ಹೊಗೆ ಬರುತ್ತೆ. ಗ್ಯಾಸ್ ಟಾರ್ಚ್ ಮಾತ್ರ ಬೇಡ. ಪಕ್ಕದಲ್ಲೇ ಇಂಧನದ ಪೈಪು ಇರುತ್ತೆ. ಜೊತೆಗೆ ಅಲ್ಯೂಮಿನಿಯಂ ಕಾದರೂ ಕಬ್ಬಿಣದ ಹಾಗೆ ಕೆಂಪಾಗಿ ಎಚ್ಚರಿಸಲ್ಲ. ಸತು 380 ಡಿಗ್ರಿ ಹೊತ್ತಿಗೇ ಕರಗಿ ಥ್ರೆಡ್ ಸಂದಿಯಲ್ಲಿ ಹರಡಿಕೊಳ್ಳುತ್ತೆ.

ಪಾನಾ 13
ಎಣ್ಣೆ ಯಾವುದು? ಡಬ್ಬಿಯಲ್ಲಿ ಬರೋ ಡಬ್ಲ್ಯೂಡಿ-40 ಸಾಕಾ?

ಎಣ್ಣೆಕೈ
ಅದು ಮುಖ್ಯವಾಗಿ ತೇವ ಓಡಿಸೋದು. ಇಂಥ ಕೆಲಸಕ್ಕ ತುಕ್ಕು ಬಿಡಿಸೋದಕ್ಕಂತನ ಮಾಡಿದ ಎಣ್ಣೆ ತಗೋರಿ. ಇಲ್ಲಾಂದ್ರ ಆಟೋಮ್ಯಾಟಿಕ್ ಗೇರ್ ಎಣ್ಣಿ, ಅಸಿಟೋನ್ ಸಮ ಸಮ ಬೆರೆಸ್ರಿ. ನಿಂತ್ರ ಬ್ಯಾರೆ ಆಗ್ತದ, ಹಾಕೋ ಮುಂದ ಅಲ್ಲಾಡಿಸ್ರಿ. ಅಸಿಟೋನ್ ಇದ್ದಾಗ ಹೀಟ್ ಗನ್ ಹತ್ರ ತರಬ್ಯಾಡ್ರಿ, ಭಗ್ ಅಂತದ. ಪೇಂಟಿಗೂ ತಾಗಿಸಬ್ಯಾಡ್ರಿ. ರಾತ್ರಿಪೂರಾ ನೆನೀಲಿ.

ಟಾರ್ಕು
ಸರಿ, ಸುರುಳಿ ಬೇಡ ಅಂದ್ರಿ. ಹಾಗಾದ್ರೆ ಯಾವುದರಲ್ಲಿ ತಿರುಗಿಸೋದು?

ಲೇತ್ ಮೇಷ್ಟ್ರು
ಎರಡು ದಾರಿ. ಒಂದು, ನೇರ ಏಣುಗಳಿರೋ ಎಕ್ಸ್‌ಟ್ರ್ಯಾಕ್ಟರ್, ಅಥವಾ ಪೈಪಿನ ಒಳಗಿಂದ ಹಿಡಿಯೋ ನಿಪ್ಪಲ್ ಎಕ್ಸ್‌ಟ್ರ್ಯಾಕ್ಟರ್. ಇವು ಉದ್ದಕ್ಕೂ ಒಂದೇ ದಪ್ಪ, ಬೆಣೆಯ ಹಾಗೆ ಹಿಗ್ಗಿಸೋದು ಕಡಿಮೆ. ಗೋಡೆ ಗಟ್ಟಿ ಇದ್ದರೆ ಇದರಲ್ಲೇ ಬಂದುಬಿಡುತ್ತೆ. ಒಂದೇ ಸಲಕ್ಕೆ ಎಡಕ್ಕೆ ಎಳೀಬೇಡಿ. ಕೂದಲೆಳೆಯಷ್ಟು ಬಲಕ್ಕೆ, ಆಮೇಲೆ ಎಡಕ್ಕೆ, ಹೀಗೆ ಆಡಿಸಿ. ಗೋಡೆ ಪುಡಿಪುಡಿಯಾಗಿ ಉದುರೋಕೆ ಶುರುವಾದರೆ ನಿಲ್ಲಿಸಿ ಎರಡನೇ ದಾರಿಗೆ ಬನ್ನಿ.

ಎರಡನೇ ದಾರಿ ಹ್ಯಾಕ್ಸಾ ಬ್ಲೇಡ್. ನಿಮ್ಮ ಸತುವಿಗೆ ನನ್ನ ಓಟು ಇದಕ್ಕೇ. ಇಂಚಿಗೆ 32 ಹಲ್ಲಿನ ಬ್ಲೇಡು, ಚೌಕಟ್ಟು ಬೇಡ, ಬರೀ ಬ್ಲೇಡು. ಒಂದು ತುದಿಗೆ ಬಟ್ಟೆ ಅಥವಾ ಟೇಪು ಸುತ್ತಿ ಹಿಡಿ ಮಾಡಿಕೊಳ್ಳಿ. ಹಲ್ಲು ನಿಮ್ಮ ಕಡೆಗೆ ಎಳೆಯುವಾಗ ಕೊಯ್ಯಬೇಕು, ತಳ್ಳುವಾಗ ಅಲ್ಲ. ಆಗ ಪುಡಿ ಹೊರಗೆ ಬರುತ್ತೆ. ಕೊಳವೆಯ ಒಳಗೋಡೆಯಲ್ಲಿ ಉದ್ದುದ್ದಕ್ಕೆ ಒಂದು ಗೀರು ಕೊಯ್ಯಿರಿ. ಅದರಿಂದ 8 ಮಿ.ಮೀ. ಬಿಟ್ಟು ಇನ್ನೊಂದು. ಎರಡರ ನಡುವಿನ ಪಟ್ಟಿಯ ಅಂಚಿಗೆ ಚಿಕ್ಕ ಉಳಿ ಅಥವಾ ಹಳೇ ಸ್ಕ್ರೂಡ್ರೈವರ್ ಇಟ್ಟು ಕೊಳವೆಯ ನಡುವಿನ ಕಡೆಗೆ ಮೆಲ್ಲಗೆ ಬಡಿದರೆ ಪಟ್ಟಿ ಒಳಕ್ಕೆ ಮಡಚಿ ಬೀಳುತ್ತೆ. ಒಂದು ಪಟ್ಟಿ ಹೋದರೆ ಕೊಳವೆ ಪೂರ್ತಿ ಉಂಗುರವಾಗಿ ಉಳಿಯಲ್ಲ, ಉಳಿದದ್ದು ಇಕ್ಕಳಕ್ಕೆ ಬರುತ್ತೆ.

ಪಾನಾ 13
ಕೊಯ್ಯುತ್ತಾ ಹೋಗಿ ಮ್ಯಾನಿಫೋಲ್ಡ್ ಥ್ರೆಡ್ಡೇ ಕೊಯ್ದುಹೋದ್ರೆ? ಎಲ್ಲಿ ನಿಲ್ಲಿಸ್ಬೇಕು ಅಂತ ಹೆಂಗೆ ಗೊತ್ತಾಗುತ್ತೆ?

ಲೇತ್ ಮೇಷ್ಟ್ರು
ಇದೇ ಮುಖ್ಯವಾದ ಪ್ರಶ್ನೆ. ಹತ್ತು ಸಲ ಎಳೆದ ಮೇಲೆ ಒಮ್ಮೆ ಪುಡಿ ಒರೆಸಿ, ಗೀರಿನ ತಳಕ್ಕೆ ಟಾರ್ಚು ಬಿಟ್ಟು ನೋಡಿ. ಸತು ಮಂಕು ಬೂದು. ಮ್ಯಾನಿಫೋಲ್ಡ್‌ನ ಥ್ರೆಡ್ಡಿನ ತುದಿ ಬ್ಲೇಡಿಗೆ ತಾಗಿದಾಗ ಆ ಬೂದು ಗೆರೆಯ ಮಧ್ಯೆ ಬೆಳ್ಳಗೆ ಹೊಳೆಯೋ ಚುಕ್ಕಿಗಳು ಸಾಲಾಗಿ ಕಾಣುತ್ತವೆ. ಅರ್ಧ ಇಂಚಿನ ಪೈಪ್ ಥ್ರೆಡ್ ಆದರೆ ಇಂಚಿಗೆ 14 ಸುತ್ತು, ಅಂದರೆ ಚುಕ್ಕಿಯಿಂದ ಚುಕ್ಕಿಗೆ 1.8 ಮಿ.ಮೀ. ಮೊದಲ ಚುಕ್ಕಿ ಕಂಡ ಕೂಡಲೇ ಬ್ಲೇಡು ಕೆಳಗಿಡಿ. ಉಳಿದದ್ದನ್ನ ಉಳಿಯೇ ನೋಡಿಕೊಳ್ಳುತ್ತೆ.

ಇನ್ನೊಂದು, ಪೈಪ್ ಥ್ರೆಡ್ ಮೊನಚು, 16ಕ್ಕೆ 1ರ ಇಳಿಜಾರು. ಒಳಗೆ ಹೋದಷ್ಟೂ ಕಿರಿದಾಗುತ್ತೆ. ಬ್ಲೇಡನ್ನ ಕೊಳವೆಗೆ ನೇರವಾಗಿ ಹಿಡಿದರೆ ಒಳತುದಿಯಲ್ಲಿ ಮೊದಲು ತಾಗುತ್ತೆ. ಬಾಯಿಯ ಕಡೆ ಸ್ವಲ್ಪ ಹೆಚ್ಚು ಒತ್ತಡ ಇರಲಿ.

ಗ್ರೀಸ್‌ಡಬ್ಬಿ
ಕೊಯ್ಯೋ ಮುಂಚೆ ಪುಡಿ ಎಲ್ಲಿ ಹೋಗುತ್ತೆ ಅಂತ ಯಾರೂ ಹೇಳ್ತಿಲ್ಲವಲ್ಲ! ಮೊದಲು ರೇಡಿಯೇಟರ್ ಕೆಳಗಿನ ಪ್ಲಗ್ ತೆಗೆದು, ಕನೆಕ್ಟರ್ ಇರೋ ಮಟ್ಟಕ್ಕಿಂತ ಕೆಳಗೆ ಕೂಲೆಂಟ್ ಇಳಿಸಿ. ಇಂಜಿನ್ ಪೂರ್ತಿ ತಣ್ಣಗಿರಲಿ, ಬಿಸಿ ಇದ್ದಾಗ ಮುಚ್ಚಳ ಮುಟ್ಟಬೇಡಿ. ಆಮೇಲೆ ತೂತಿನ ಆಳಕ್ಕೆ ಬಟ್ಟೆಯ ಚೂರನ್ನ ತುರುಕಿ. ಅದಕ್ಕೆ ದಾರ ಕಟ್ಟಿ, ದಾರದ ತುದಿ ಹೊರಗೆ ಗಟ್ಟಿಯಾಗಿ ಕಟ್ಟಿರಿ. ಬಟ್ಟೆ ಮೇಲೆ ದಪ್ಪಗೆ ಗ್ರೀಸ್ ಹಚ್ಚಿ, ಪುಡಿ ಅದಕ್ಕೆ ಅಂಟುತ್ತೆ. ಬ್ಲೇಡಿಗೂ ಗ್ರೀಸ್ ಹಚ್ಚಿ. ಸತುವಿನ ಪುಡಿಯನ್ನ ಅಯಸ್ಕಾಂತ ಎತ್ತಲ್ಲ, ಹಾಗಾಗಿ ವ್ಯಾಕ್ಯೂಮ್ ಬೇಕು. ಅದರ ಬಾಯಿಗೆ ಸಣ್ಣ ನಳಿಕೆ ಟೇಪು ಹಾಕಿ ಸೇರಿಸಿಕೊಳ್ಳಿ. ಕಂಪ್ರೆಸರ್ ಗಾಳಿ ಹೊಡೆದು ಒಳಕ್ಕೆ ನೂಕಬೇಡಿ. ಒಂದು ಚೂರು ಥರ್ಮೋಸ್ಟಾಟ್ ಬಾಯಲ್ಲಿ ಸಿಕ್ಕಿದರೆ ಅದು ಪೂರ್ತಿ ಮುಚ್ಚೋದೇ ಇಲ್ಲ. ಹೀಟರ್ ಕೋರ್‌ನ (ಗಾಡಿ ಒಳಗೆ ಬಿಸಿ ಕೊಡೋ ಪುಟ್ಟ ರೇಡಿಯೇಟರ್) ಸಣ್ಣ ಕೊಳವೆಗೆ ಹೋದರೆ ಅಲ್ಲೇ ಗಟ್ಟಿ ಕೂರುತ್ತೆ.

ಟಾರ್ಕು
ಒಪ್ಕೊಂಡೆ, ಸುರುಳಿ ಎಕ್ಸ್‌ಟ್ರ್ಯಾಕ್ಟರ್ ಸಲಹೆ ವಾಪಸ್. ಆದ್ರೆ ಎಡಸುತ್ತಿನ ಡ್ರಿಲ್ ಬಿಟ್ ಯಾರೂ ಹೇಳಿಲ್ಲ. ತೂತು ದೊಡ್ಡದು ಮಾಡುತ್ತಾ ಹೋದ್ರೆ ಗೋಡೆ ತೆಳುವಾಗುತ್ತೆ, ಎಷ್ಟೋ ಸಲ ಬಿಟ್ ಜೊತೆಗೇ ತಿರುಗಿ ಬರುತ್ತೆ.

ಲೇತ್ ಮೇಷ್ಟ್ರು
ಒಳ್ಳೇ ಸಲಹೆ, ಎರಡು ಷರತ್ತು. ಅರ್ಧ ಇಂಚು ಎನ್‌ಪಿಟಿ (ಅಮೆರಿಕದ ಮೊನಚು ಪೈಪ್ ಥ್ರೆಡ್) ಟ್ಯಾಪ್‌ಗೆ, ಅಂದರೆ ಥ್ರೆಡ್ ಕೊಯ್ಯೋ ಟೂಲ್‌ಗೆ, ಕೊರೆಯೋ ತೂತು 18.2 ಮಿ.ಮೀ. ಸುಮಾರು. ನೀವು 17 ದಾಟಬೇಡಿ. ಮತ್ತೆ ಕೈ ಡ್ರಿಲ್‌ನಲ್ಲಿ ನಡುವಿಗೆ ನೇರವಾಗಿ ಹೋಗೋದು ಕಷ್ಟ. ಅರ್ಧ ಮಿ.ಮೀ. ಪಕ್ಕಕ್ಕೆ ಸರಿದರೂ ಒಂದು ಕಡೆ ಅಲ್ಯೂಮಿನಿಯಂ ಕಚ್ಚುತ್ತೆ. ಬಿಟ್ ಸತುವಿಗೆ ಹಠಾತ್ತನೆ ಕಚ್ಚಿಕೊಂಡು ಡ್ರಿಲ್ ಕೈ ತಿರುಚುತ್ತೆ, ನಿಧಾನ ವೇಗ ಇರಲಿ. ಜಾಗ ಇಕ್ಕಟ್ಟಿದ್ದರೆ ಬ್ಲೇಡೇ ಸುರಕ್ಷಿತ.

ಹೊಸಚಾಲಕಿ
ನಡುವೆ ಕೇಳ್ತಿದೀನಿ, ಕ್ಷಮಿಸಿ. ನನ್ನ ಕಾರಿನಲ್ಲಿ ಥ್ರೆಡ್ ಇಲ್ಲ. ಓ-ರಿಂಗ್ ಹಾಕಿ ಒತ್ತಿ ಕೂರಿಸೋ ಪ್ಲಾಸ್ಟಿಕ್ ಎಲ್ಬೋ. ಮುಟ್ಟಿದರೆ ಒಣ ಎಲೆ ಥರ ಪುಡಿಯಾಗ್ತಿದೆ, ಅರ್ಧ ತೂತಲ್ಲೇ ಇದೆ. ಇದಕ್ಕೂ ಕೊಯ್ಯಬೇಕಾ?

ಗ್ರೀಸ್‌ಡಬ್ಬಿ
ಬೇಡ ಮೇಡಂ, ನಿಮ್ಮದು ಸುಲಭ. ಜಿಎಂ (ಜನರಲ್ ಮೋಟಾರ್ಸ್) ಕಂಪನಿಯ 3800 ಸೀರೀಸ್ 2 ವಿ6 ಇಂಜಿನ್‌ನ ಕೂಲೆಂಟ್ ಎಲ್ಬೋಗಳು ಇದಕ್ಕೆ ಹೆಸರುವಾಸಿ, ಅಲ್ಲೂ ಇದೇ ಕಥೆ. ಗಾಜಿನ ನಾರು ಬೆರೆಸಿದ ನೈಲಾನ್ ವರ್ಷಗಟ್ಟಲೆ ಬಿಸಿ ಕೂಲೆಂಟ್‌ನಲ್ಲಿ ನೆಂದು ಬಲ ಕಳಕೊಳ್ಳುತ್ತೆ. ತೂತಿನ ಆಳಕ್ಕೆ ಬಟ್ಟೆ ತುರುಕಿ. ಸಣ್ಣ ಚಪ್ಪಟೆ ಸ್ಕ್ರೂಡ್ರೈವರನ್ನ ಪ್ಲಾಸ್ಟಿಕ್‌ಗೂ ಲೋಹಕ್ಕೂ ಮಧ್ಯೆ ತೂರಿಸಬೇಡಿ, ಲೋಹದಲ್ಲಿ ಗೀರು ಬೀಳುತ್ತೆ. ಓ-ರಿಂಗ್ ಕೂರೋ ಜಾಗದಲ್ಲಿ ಉದ್ದ ಗೀರು ಬಿದ್ದರೆ ಹೊಸ ರಿಂಗ್ ಹಾಕಿದರೂ ಸೋರುತ್ತೆ. ಕೊಳವೆಯ ಒಳಗಿಂದ ನಡುವಿನ ಕಡೆಗೆ ಮುರಿದು ಚೂರು ಚೂರಾಗಿ ಮೂತಿ ಇಕ್ಕಳದಲ್ಲಿ ಎತ್ತಿ. ಬಿಡದಿದ್ದರೆ ಸೋಲ್ಡರಿಂಗ್ ಐರನ್‌ನ ಕಾದ ತುದಿಯಿಂದ ಒಳಗೋಡೆಯಲ್ಲಿ ಒಂದು ಕಾಲುವೆ ಎಳೆಯಿರಿ. ನೈಲಾನ್ 66 ಸುಮಾರು 260 ಡಿಗ್ರಿಗೆ ಕರಗುತ್ತೆ. ಕಾಲುವೆ ಬಿದ್ದಲ್ಲಿಂದ ಒಳಕ್ಕೆ ಮಡಚುತ್ತೆ. ಹೊಗೆ ಉಸಿರಿಗೆ ತಗೋಬೇಡಿ.

ಹಳೇ ಓ-ರಿಂಗ್ ಎಣಿಸಿ. ಒಂದು ಒಳಗೇ ಅಂಟಿ ಉಳಿಯೋದು ಸಾಮಾನ್ಯ. ಅದರ ಮೇಲೇ ಹೊಸ ಎಲ್ಬೋ ಒತ್ತಿದರೆ ಕೂರೋದಿಲ್ಲ.

ಎಣ್ಣೆಕೈ
ಓ-ರಿಂಗಿಗೆ ಪೆಟ್ರೋಲಿಯಂ ಗ್ರೀಸ್ ಹಚ್ಚಬ್ಯಾಡ್ರಿ ಅಕ್ಕಾರ. ಕೂಲೆಂಟ್ ರಿಂಗು ಬಹಳ ಮಟ್ಟಿಗೆ ಇಪಿಡಿಎಂ ರಬ್ಬರ್, ಎಣ್ಣಿ ತಾಗಿದ್ರ ಉಬ್ಬಿ ಮೆತ್ತಗ ಆಗ್ತದ. ಸಿಲಿಕೋನ್ ಗ್ರೀಸ್ ಇಲ್ಲಾ ಕೂಲೆಂಟನ್ನ ಸವರಿ ಒತ್ರಿ.

ಹೊಸಚಾಲಕಿ
ಒಳಗೇ ಒಂದು ರಿಂಗ್ ಅಂಟಿತ್ತು! ಕಪ್ಪು ತೂತಿನಲ್ಲಿ ಕಪ್ಪು ರಿಂಗ್, ಬೆರಳಿಗೆ ತಾಗೋವರೆಗೂ ಗೊತ್ತೇ ಆಗಲಿಲ್ಲ. ಧನ್ಯವಾದ ಇಬ್ಬರಿಗೂ.

ಸೀಟಿ
ಇದೇ ಥರದ ಕನೆಕ್ಟರ್ ಪೆಟ್ರೋಲ್ ಲೈನಲ್ಲಿ ಮುರಿದ್ರೆ? ಇದೇ ಕ್ರಮ ಆಗುತ್ತಾ?

ನೀರ್‌ಗೊಳವೆ
ಖಂಡಿತ ಇಲ್ಲ. ಅಲ್ಲಿ ಹೀಟ್ ಗನ್ ಇಲ್ಲ, ಸೋಲ್ಡರಿಂಗ್ ಐರನ್ ಇಲ್ಲ, ಡ್ರಿಲ್ ಇಲ್ಲ. ಮೊದಲು ಇಂಧನ ಪಂಪಿನ ಫ್ಯೂಸ್ ಇಲ್ಲವೇ ರಿಲೇ ತೆಗೆದು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಮತ್ತೆ ಎರಡು ಮೂರು ಸೆಕೆಂಡು ಸೆಲ್ಫ್ ಹೊಡೀರಿ, ಒತ್ತಡ ಇಳೀತದೆ. ಆಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ. ಅಷ್ಟಾದ್ರೂ ಬಟ್ಟೆ ಸುತ್ತಿಯೇ ಬಿಡಿಸಿ, ಕಣ್ಣಿಗೆ ಕನ್ನಡಕ ಹಾಕಿ. ಇಂಧನದ ಕ್ವಿಕ್ ಕನೆಕ್ಟರಿಗೆ ಎಸ್‌ಎಇ ಜೆ2044 ಅಂತ ಬೇರೆಯೇ ಮಾನದಂಡ ಉಂಟು. ಓ-ರಿಂಗಿನ ರಬ್ಬರ್ ಕೂಡ ಬೇರೆ. ಕೂಲೆಂಟಿನ ಇಪಿಡಿಎಂ ಅಲ್ಲಿಗೆ ಹಾಕಿದ್ರೆ ಪೆಟ್ರೋಲ್ ತಾಗಿ ಹಾಳಾಗ್ತದೆ.

ಎಸಿ ಲೈನ್ ಆದ್ರೆ ಮುಟ್ಟಲೇಬೇಡಿ. ಗ್ಯಾಸ್ ತೆಗೆಯುವ ಯಂತ್ರ ಇದ್ದವರ ಹತ್ರ ಕೊಡಿ.

ಪಾನಾ 13
ಮೂಲ ಪ್ರಶ್ನೆಗೆ ಬರೋಣ. ಮುರಿಯೋದೇ ತಪ್ಪಿಸೋಕೆ ಆಗ್ತಿತ್ತಲ್ವಾ? ಲಾಕ್ ಬಿಡದಿದ್ರೆ ಎಲ್ಲರೂ ಎಳೀತಾರೆ. ಮಾಡಬೇಕಾದ್ದು ಉಲ್ಟಾ. ಮೊದಲು ಹೋಸನ್ನ ಕನೆಕ್ಟರ್ ಒಳಕ್ಕೆ ಒತ್ತಬೇಕು, ಆಗ ಲಾಕಿನ ನಾಲಿಗೆ ಮೇಲಿನ ಭಾರ ಹೋಗುತ್ತೆ. ಒತ್ತಿಕೊಂಡೇ ನಾಲಿಗೆ ಹಿಸುಕಿ, ಆಮೇಲೆ ಎಳೀಬೇಕು. ಒಳಗೆ ಮಣ್ಣು ತುಂಬಿದ್ರೆ ನಾಲಿಗೆ ಸರಿಯಲ್ಲ, ನೀರು ಹೊಡೆದು ತೊಳೀರಿ. ಎಳೆಯೋವಾಗ ನೇರ ಎಳೀಬೇಕು, ಪಕ್ಕಕ್ಕೆ ಬಾಗಿಸೋದೇ ಕುತ್ತಿಗೆ ಮುರಿಯೋಕೆ ಕಾರಣ.

ಗ್ರೀಸ್‌ಡಬ್ಬಿ
ಪೂರಕವಾಗಿ: ಹೋಸ್ ಹೇಗೂ ಬದಲಾಯಿಸ್ತೀರಿ ಅಂದ್ರೆ ಅದನ್ನ ಎಳೆಯೋದೇ ಬೇಡ. ಉದ್ದಕ್ಕೆ ಸೀಳಿ ಸಿಪ್ಪೆ ತೆಗೆದ ಹಾಗೆ ಬಿಡಿಸಿ. ಚಾಕು ಪೂರ್ತಿ ಒಳಗೆ ಇಳಿಸಬೇಡಿ, ರಬ್ಬರ್‌ನ ಮುಕ್ಕಾಲು ಆಳ ಸೀಳಿ ಉಳಿದದ್ದನ್ನ ಕೈಯಲ್ಲಿ ಹರೀರಿ. ಕೊಳವೆ ಮೇಲೆ ಚಾಕುವಿನ ಗೀರು ಬಿದ್ದರೆ ಹೊಸ ಹೋಸ್ ಆ ಗೀರಿನಿಂದಲೇ ಜಿನುಗುತ್ತೆ.

ಹಳೇಗಾಡಿ
ಬಂತು! ಎರಡು ಸಲ ಬಿಸಿ-ತಣಿಸು, ರಾತ್ರಿ ಎಣ್ಣೆ, ಬೆಳಿಗ್ಗೆ ಬ್ಲೇಡು. ಎರಡನೇ ಗೀರಿನಲ್ಲಿ ಮೇಷ್ಟ್ರು ಹೇಳಿದ ಬಿಳೀ ಚುಕ್ಕಿ ಮೂರು ಕಂಡವು, ನಿಲ್ಲಿಸಿದೆ. ಪಟ್ಟಿ ಒಳಕ್ಕೆ ಮಡಚಿತು, ಉಳಿದದ್ದು ಇಕ್ಕಳದಲ್ಲಿ ಎಡಕ್ಕೆ ತಿರುಗಿ ಬಂತು. ಬಟ್ಟೆ ಮೇಲೆ ಒಂದು ಚಮಚದಷ್ಟು ಬೂದು ಪುಡಿ! ಈಗ ಥ್ರೆಡ್ ಸಂದಿಯಲ್ಲಿ ಬಿಳೀ ಕಿಲುಬು ಉಳಿದಿದೆ. ಟ್ಯಾಪ್ ಹಾಕಲಾ? ಆ ಮೂರು ಚುಕ್ಕಿಯ ಕಡೆ ಸೋರುತ್ತಾ?

ಲೇತ್ ಮೇಷ್ಟ್ರು
ಬಹಳ ಸಂತೋಷ. ಹೊಸ ಟ್ಯಾಪ್ ಹಾಕಿ ಹೊಸದಾಗಿ ಕೊಯ್ಯಬೇಡಿ, ಮೊನಚು ಥ್ರೆಡ್‌ನಲ್ಲಿ ಟ್ಯಾಪ್ ಒಂದು ಸುತ್ತು ಜಾಸ್ತಿ ಹೋದರೆ ಬಾಯಿ ಅಗಲವಾಗಿ ಕನೆಕ್ಟರ್ ಆಳಕ್ಕೆ ಹೋಗಿ ಕೂರುತ್ತೆ. ಹಿತ್ತಾಳೆ ತಂತಿಯ ಬ್ರಷ್, ಹಲ್ಲು ಕೆರೆಯೋ ಕೊಕ್ಕೆಯಂಥ ಸೂಜಿಯಿಂದ ಸಂದಿ ಸಂದಿ ಕೆರೆಯಿರಿ. ಟ್ಯಾಪ್ ಬೇಕೇ ಬೇಕು ಅಂದರೆ ಬರಿಗೈಯಲ್ಲಿ ತಿರುಗುವಷ್ಟು ಮಾತ್ರ. ಚುಕ್ಕಿ ಇರೋ ಕಡೆ ಬ್ಲೇಡು ಥ್ರೆಡ್ಡಿನ ತುದಿಗಷ್ಟೇ ತಾಗಿದೆ, ಬುಡಕ್ಕೆ ಹೋಗಿಲ್ಲ. ಸೀಲೆಂಟ್ ತುಂಬಿಕೊಳ್ಳುತ್ತೆ.

ಹೊಸ ಕನೆಕ್ಟರ್ ಎನ್‌ಪಿಟಿನಾ ಬಿಎಸ್‌ಪಿಟಿನಾ (ಬ್ರಿಟಿಷ್ ಮೊನಚು ಪೈಪ್ ಥ್ರೆಡ್) ನೋಡಿಯೇ ತಗೊಳ್ಳಿ. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು, ಆದ್ದರಿಂದ ಒಂದರಲ್ಲಿ ಇನ್ನೊಂದು ಸಲೀಸಾಗಿ ಹೋಗುತ್ತೆ, ಮೋಸ ಇರೋದೇ ಇಲ್ಲಿ. ಎನ್‌ಪಿಟಿ ಹಲ್ಲಿನ ಕೋನ 60 ಡಿಗ್ರಿ, ಬಿಎಸ್‌ಪಿಟಿಯದು 55. ಎಷ್ಟು ಬಿಗಿ ಮಾಡಿದರೂ ಸುರುಳಿ ದಾರಿಯಲ್ಲಿ ಜಿನುಗುತ್ತೆ. 3/8 ಇಂಚಿನಲ್ಲಿ 18 ಮತ್ತು 19, ಅಲ್ಲಿ ಎರಡು ಮೂರು ಸುತ್ತಿಗೇ ಸಿಕ್ಕಿಕೊಂಡು ಗೊತ್ತಾಗುತ್ತೆ.

ಟಾರ್ಕು
ಸತುವಿನದ್ದೇ ಮತ್ತೆ ಹಾಕಬೇಡಿ. ಹಿತ್ತಾಳೆ ನಿಪ್ಪಲ್ ಹಾಕಿ ಹೋಸ್ ಕ್ಲ್ಯಾಂಪ್ ಬಿಗೀರಿ. ಕ್ವಿಕ್ ಕನೆಕ್ಟರ್ ಸಹವಾಸವೇ ಸಾಕು.

ನೀರ್‌ಗೊಳವೆ
ಹಾಕಿ, ಆದ್ರೆ ಹಳೇ ತುಂಡಿನ ತೂತು ನೋಡಿಯೇ ಹಾಕಿ. ಕೆಲವು ಇಂಜಿನಿನಲ್ಲಿ ಹೀಟರಿಗೆ ಹೋಗುವ ಕನೆಕ್ಟರಿನ ಒಳಗೆ ಹರಿವು ಕಡಿಮೆ ಮಾಡುವ ಸಣ್ಣ ತೂತಿನ ತಡೆ ಇರ್ತದೆ, ಹೀಟರ್ ಕೋರಿಗೆ ಜಾಸ್ತಿ ರಭಸ ಬಾರದ ಹಾಗೆ. ಇದ್ದದ್ದನ್ನ ತೆಗೆದು ದೊಡ್ಡ ತೂತಿನದ್ದು ಹಾಕಿದ್ರೆ ಹಳೇ ಕೋರ್ ಸೋರಲಿಕ್ಕೆ ಶುರು ಆದೀತು.

ಹಳೇಗಾಡಿ
ಹಳೇ ತುಂಡಿನಲ್ಲಿ ತಡೆ ಇಲ್ಲ, ತೂತು ಉದ್ದಕ್ಕೂ ಒಂದೇ. ಹಿತ್ತಾಳೆ ತಗೊಂಡೆ. ಟೆಫ್ಲಾನ್ ಟೇಪಾ, ಸೀಲೆಂಟಾ?

ಎಣ್ಣೆಕೈ
ಯಾವುದಾದ್ರೂ ಒಂದು. ಟೇಪ್ ಆದ್ರ ತುದಿಯ ಮೊದಲ ಥ್ರೆಡ್ ಬಿಟ್ಟು, ಥ್ರೆಡ್ ತುದಿ ನಿಮ್ಮ ಕಡೆ ಹಿಡಿದು ಗಡಿಯಾರದ ಮುಳ್ಳು ತಿರುಗಿದಂಗ 2-3 ಸುತ್ತು. ಉಲ್ಟಾ ಸುತ್ತಿದ್ರ ಬಿಗಿ ಮಾಡೋ ಮುಂದ ಬಿಚ್ಚಿಕೊಳ್ತದ. ಟೇಪಿನ ಚೂರು ಒಳಗ ಹೋದ್ರ ಹೀಟರ್ ಕೋರಿಗೆ ತೊಂದರೆ, ಅದಕ್ಕ ನಾನು ಟೆಫ್ಲಾನ್ ಇರೋ ಥ್ರೆಡ್ ಪೇಸ್ಟ್ ಅಂತೀನಿ. ಗೀರಿದ ಥ್ರೆಡ್ಡಿಗೂ ಅದ ಚಲೋ. ಕೈಯಿಂದ ಬಿಗಿ ಆಗೋ ತನಕ ತಿರುಗಿಸ್ರಿ, ಆಮ್ಯಾಲೆ ಪಾನಾದಿಂದ ಒಂದೂವರೆ ಸುತ್ತು, ಭಾಳ ಅಂದ್ರ ಎರಡು. ಜಾಸ್ತಿ ಮಾಡಿದ್ರ ಮೊನಚು ಥ್ರೆಡ್ ಅಲ್ಯೂಮಿನಿಯಂ ಬಾಯಿ ಸೀಳ್ತದ. ಬಾಗಿದ ಮೂತಿ ಇದ್ರ ದಿಕ್ಕು ಸರಿ ಮಾಡಾಕ ಮುಂದಕ್ಕ ತಿರುಗಿಸ್ರಿ, ಹಿಂದಕ್ಕ ತಿರುಗಿಸಿದ್ರ ಸೀಲ್ ಒಡೀತದ.

ಗ್ರೀಸ್‌ಡಬ್ಬಿ
ಜೋಡಿಸೋ ಮುಂಚೆ ಎರಡು ಕೆಲಸ. ದಾರ ಹಿಡಿದು ಬಟ್ಟೆ ನಿಧಾನ ಎಳೆದು, ಪೂರ್ತಿ ಬಂತಾ ನೋಡಿ. ಆಮೇಲೆ ಹೀಟರ್ ಕೋರ್‌ಗೆ ಹರಿವಿನ ಉಲ್ಟಾ ದಿಕ್ಕಿನಿಂದ ನೀರು ಬಿಡಿ, ನಲ್ಲಿ ಅರ್ಧ ತಿರುಗಿಸಿದಷ್ಟು ಒತ್ತಡ ಸಾಕು. ಸತುವಿನ ಕಿಲುಬು ಇಷ್ಟಿತ್ತು ಅಂದ್ರೆ ಅಲ್ಲೂ ಕೆಸರು ಇರುತ್ತೆ.

ಕೂಲೆಂಟ್ ತುಂಬುವಾಗ ಮುಚ್ಚಳದ ಬಾಯಿ ಎಲ್ಲಕ್ಕಿಂತ ಎತ್ತರದಲ್ಲಿರೋ ಹಾಗೆ ಗಾಡಿ ಮುಂಭಾಗ ಎತ್ತಿ ನಿಲ್ಲಿಸಿ. ಹೀಟರ್ ಪೂರ್ತಿ ಬಿಸಿಗೆ ಇಡಿ. ಗಾಳಿ ಬಿಡೋ ಸ್ಕ್ರೂ ಇದ್ದರೆ ಗುಳ್ಳೆ ಇಲ್ಲದೆ ಧಾರೆ ಬರೋವರೆಗೆ ತೆರೆದಿಡಿ. ಇಂಜಿನ್ ಬಿಸಿಯಾದ ಮೇಲೆ ಹೀಟರಿನ ಎರಡು ಹೋಸನ್ನೂ ಹೊರಗಿಂದ ಮುಟ್ಟಿ. ಎರಡೂ ಬಿಸಿ ಇದ್ದರೆ ಹರಿವು ಸರಿ. ಒಂದು ತಣ್ಣಗಿದ್ದರೆ ಗಾಳಿ ಸಿಕ್ಕಿದೆ ಅಥವಾ ಕೋರ್ ಕಟ್ಟಿದೆ.

ಹಳೇಗಾಡಿ
ಕೈ ಪಂಪ್ ಟೆಸ್ಟರ್ ಹಾಕಿ 1.1 ಬಾರ್‌ಗೆ ಏರಿಸಿದೆ, ನಮ್ಮ ಮುಚ್ಚಳದ ಮೇಲೂ ಅಷ್ಟೇ ಬರೆದಿದೆ. 15 ನಿಮಿಷ ಮುಳ್ಳು ಅಲುಗಲಿಲ್ಲ. ಕನೆಕ್ಟರ್ ಸುತ್ತ ಒಣಗಿದ ಕಾಗದ ಸುತ್ತಿಟ್ಟಿದ್ದೆ, ಒದ್ದೆ ಇಲ್ಲ. ಎರಡೂ ಹೋಸ್ ಬಿಸಿ. ಒಂದೇ ಅನುಮಾನ: ಇಳಿಸಿದ ಹಳೇ ಕೂಲೆಂಟ್ ಸೋಸಿ ಮತ್ತೆ ಹಾಕಬಹುದಿತ್ತಾ? ಬಕೆಟ್‌ನಲ್ಲಿದೆ.

ಎಣ್ಣೆಕೈ
ಬ್ಯಾಡ್ರಿ. ಕಿಲುಬು ತಡಿಯೋ ಶಕ್ತಿ ಮುಗಿದದ್ದಕ್ಕ ಸತು ಕರಗಿದ್ದು. ಹೊಸದು, ಕಾರಖಾನೆ ಹೇಳಿದ ಜಾತಿಯದ್ದು, ಶುದ್ಧೀಕರಿಸಿದ ನೀರಿನ ಜೋಡಿ ಸಮ ಸಮ. ಬಕೆಟ್ಟಿಗೆ ಈಗಲೇ ಮುಚ್ಚಳ ಹಾಕ್ರಿ, ರುಚಿ ಸಿಹಿ ಇರ್ತದ, ನಾಯಿ ಬೆಕ್ಕು ನೆಕ್ಕಿದ್ರ ಸಾಯ್ತಾವ.

ಹಳೇಗಾಡಿ
ಮುಚ್ಚಿದೆ. ನಾಳೆ ತಣ್ಣಗಾದ ಮೇಲೆ ಮಟ್ಟ ನೋಡಿ ಹೇಳ್ತೀನಿ.